ಕೊಡಗಿನ ಅಂಗಳಕ್ಕೆ ಯಾವ ಟೆಲಿಸ್ಕೋಪ್? ಕೊಳ್ಳುವ ಮೊದಲು ತೂಗಿ ನೋಡಬೇಕಾದದ್ದು

ಮಳೆ ಹಿಂದೆ ಸರಿದು ಅಕ್ಟೋಬರ್ ಕೊನೆಗೆ ಆಕಾಶ ತೆರೆದುಕೊಳ್ಳುವ ಹೊತ್ತಿಗೆ ಪರಿಚಿತರಿಂದ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಮೇಷ್ಟ್ರೊಬ್ಬರಿಗೆ ಶಾಲೆಯ ಮಕ್ಕಳಿಗೆಂದು ಹದಿನೈದು ಸಾವಿರದೊಳಗೆ ಒಂದು ಟೆಲಿಸ್ಕೋಪ್ ಬೇಕು. ಸಿದ್ದಾಪುರ ಕಡೆಯ ತೋಟದವರಿಗೆ ದುಡ್ಡು ಹೊಂದುತ್ತದೆ, ಆದರೆ ಕತ್ತಲಾದ ಮೇಲೆ ಆನೆಯ ಭಯಕ್ಕೆ ಅಂಗಳ ದಾಟುವಂತಿಲ್ಲ. ಸೇನೆಯಿಂದ ನಿವೃತ್ತರಾಗಿ ವಿರಾಜಪೇಟೆಯಲ್ಲಿ ಮನೆ ಕಟ್ಟಿಕೊಂಡವರಿಗೆ ತಾರಸಿ ಇದೆ, ಮೊಣಕಾಲು ನೋವೂ ಇದೆ. ಮಡಿಕೇರಿಯ ಹೋಂಸ್ಟೇಯವರಿಗೆ ಬಂದ ಅತಿಥಿಗಳಿಗೆ ಶನಿಯ ಬಳೆ ತೋರಿಸುವ ಆಸೆ. ಇವರೆಲ್ಲರಿಗೂ ಒಂದೇ ಉಪಕರಣ ಸರಿಹೋಗುವುದಿಲ್ಲ. ಬೆಂಗಳೂರಿನವರಿಗೆಂದೋ ರಾಜಸ್ಥಾನದವರಿಗೆಂದೋ ಹೇಳಿದ ಸಲಹೆಯನ್ನು ಹಾಗೇ ಎತ್ತಿಕೊಂಡು ಕೊಡಗಿಗೆ ತಂದರೆ, ಎರಡು ಮಳೆಗಾಲ ಕಳೆಯುವುದರೊಳಗೆ ಆ ಟೆಲಿಸ್ಕೋಪ್ ಅಟ್ಟ ಸೇರುತ್ತದೆ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಇಲ್ಲಿ ಟೆಲಿಸ್ಕೋಪಿನ ಗಾತ್ರಕ್ಕಿಂತ ಮೊದಲು ನೋಡಬೇಕಾದ್ದು ಎರಡು ವಿಷಯ. ಮೋಡ ಸರಿದಾಗ ಅದನ್ನು ಎಷ್ಟು ಬೇಗ ಹೊರಗೆ ತಂದು ನಿಲ್ಲಿಸಬಹುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೇಗೆ ಒಣಗಿಸಿ ಇಡಬಹುದು?

ಮೊದಲು ಅಂಗಳ ಅಳೆಯಿರಿ

ಕೈಯನ್ನು ಮುಂದೆ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಸಂಜೆ ಅಂಗಳದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿ, ನೆಲಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಿ. ಎಷ್ಟನೇ ಮುಷ್ಟಿಗೆ ಸಿಲ್ವರ್ ಓಕ್ ಮರಗಳ ತುದಿ ಮುಗಿದು ಬರೀ ಆಕಾಶ ಸಿಗುತ್ತದೆ? ಕೊಡಗು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ತಮಿಳುನಾಡಿನ ಕಾವಲೂರಿನ ವೈನು ಬಪ್ಪು ವೀಕ್ಷಣಾಲಯ ಇರುವುದೂ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿ. ದಿಲ್ಲಿಯವರಿಗೆ ಸರಿಯಾಗಿ ಕಾಣದ ದಕ್ಷಿಣದ ಆಕಾಶ ನಮ್ಮ ಪಾಲಿಗಿದೆ. ಜನವರಿ ಕೊನೆಯಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ಅಗಸ್ತ್ಯ ನಕ್ಷತ್ರ ಎರಡೂವರೆ ಮುಷ್ಟಿ ಎತ್ತರಕ್ಕೆ ಬಂದಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಅದೇ ಹೊತ್ತಿಗೆ ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ. ಆದರೆ ಅದರ ಬುಡದ ನಕ್ಷತ್ರ ಒಂದೂವರೆ ಮುಷ್ಟಿಗಿಂತ ಮೇಲೇರುವುದಿಲ್ಲ. ಇನ್ನೊಂದು ಗಂಟೆ ಕಾದರೆ ಒಮೆಗಾ ಸೆಂಟೌರಿ ಎಂಬ ಮಹಾ ನಕ್ಷತ್ರಗುಚ್ಛ ಮೂರು ಮುಷ್ಟಿ ಎತ್ತರಕ್ಕೆ ಬರುತ್ತದೆ. ನಿಮ್ಮ ದಕ್ಷಿಣದ ಮರಗಳು ಮೂರು ಮುಷ್ಟಿಗಿಂತ ತಗ್ಗಿದ್ದರೆ ಬೆಳಕು ಹಿಡಿಯಲು ಲೆನ್ಸಿನ ಬದಲು ಕನ್ನಡಿ ಇರುವ, ಸ್ವಲ್ಪ ದೊಡ್ಡ ಟೆಲಿಸ್ಕೋಪಿಗೆ ಹಾಕಿದ ದುಡ್ಡು ಸಾರ್ಥಕ. ಸುತ್ತಲೂ ಮರವೇ ಇದ್ದು ನೆತ್ತಿಯ ಮೇಲೆ ಒಂದು ತುಂಡು ಆಕಾಶ ಮಾತ್ರ ಕಾಣುವುದಾದರೆ, ಕೈಯಲ್ಲಿ ಹಿಡಿದು ಗದ್ದೆ ಬದಿಗೆ ನಡೆದುಹೋಗುವಂಥದ್ದೇ ಮೇಲು.

ಜಾಗದ ಬಗ್ಗೆ ಇನ್ನೊಂದು ಮಾತು. ತೋಟದ ಮನೆಗಳಲ್ಲಿ ಮಟ್ಟಸವಾದ ಬಯಲೆಂದರೆ ಕಾಫಿ ಕಣ. ಆದರೆ ಆಕಾಶ ಅತ್ಯಂತ ಶುಭ್ರವಾಗಿರುವ ಡಿಸೆಂಬರ್‌ನಿಂದ ಫೆಬ್ರವರಿಯವರೆಗೇ ಕಣದ ತುಂಬ ಕಾಫಿ ಹರಡಿರುತ್ತದೆ. ರಾತ್ರಿ ಅದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ, ಕಾವಲಿಗೆ ಒಂದು ಬಲ್ಬೂ ಉರಿಯುತ್ತಿರುತ್ತದೆ. ಬಲ್ಬ್ ಆರಿಸಿ ಮೂಲೆಯಲ್ಲಿ ಜಾಗ ಮಾಡಿಕೊಂಡರೂ, ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ. ಅದರ ಮೇಲಿನ ಗಾಳಿ ಕುದಿಯುವಂತೆ ಅಲುಗಾಡಿ ಗುರುವಿನ ಪಟ್ಟೆಗಳು ಕಲಸಿಹೋಗುತ್ತವೆ. ಹುಲ್ಲಿನ ಅಂಗಳ, ಐನ್‌ಮನೆಯ ಮುಂದಿನ ಮಣ್ಣಿನ ಬಯಲು, ಕೊಯ್ಲು ಮುಗಿದ ಗದ್ದೆ, ಇವು ಕಣಕ್ಕಿಂತ ಒಳ್ಳೆಯವು.

ಆನೆ ಓಡಾಡುವ ಕಡೆ ಇರುವವರು ತೋಟದೊಳಗೆ, ಗದ್ದೆಗೆ ಹೋಗುವ ಯೋಚನೆಯನ್ನೇ ಬಿಟ್ಟು, ಮನೆ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಕಾಣುವ ಆಕಾಶವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಭ್ಯಾಸವಾದ ಮೇಲೆ ಬೆಟ್ಟದ ತುದಿಗೆ ಒಯ್ಯುತ್ತೇನೆ ಎಂದು ಯೋಜನೆ ಹಾಕಿ ಕೊಳ್ಳುವವರಿದ್ದಾರೆ. ಅರಣ್ಯ ಇಲಾಖೆಯ ಬೆಟ್ಟಗಳಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ನಿಮ್ಮ ವೀಕ್ಷಣಾಲಯ ನಿಮ್ಮ ಅಂಗಳವೇ.

ಊರಿನಿಂದ ಊರಿಗೂ ವ್ಯತ್ಯಾಸವಿದೆ. ಮಡಿಕೇರಿಗೆ ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ, ಭಾಗಮಂಡಲಕ್ಕೆ ಅದಕ್ಕಿಂತ ಬಹಳ ಹೆಚ್ಚು. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಡಿಮೆ, ಶುಭ್ರ ರಾತ್ರಿಗಳು ಹೆಚ್ಚು. ಮಡಿಕೇರಿಯಲ್ಲಿ ಎಂಟಕ್ಕೆ ನಕ್ಷತ್ರ ಕಂಡು ಒಂಬತ್ತಕ್ಕೆ ಮಂಜು ಕವಿಯುವುದು ಮಾಮೂಲು. ಅಂಥ ಊರಿನಲ್ಲಿ ಸಜ್ಜುಗೊಳಿಸಲು ಮುಕ್ಕಾಲು ಗಂಟೆ ತಿನ್ನುವ ಉಪಕರಣ ಎಷ್ಟೇ ದೊಡ್ಡದಿದ್ದರೂ ಕೈಗೆ ಬಂದಂತಾಗುವುದಿಲ್ಲ.

ಬೂಷ್ಟಿನ ಪ್ರಶ್ನೆ

ಕೊಳ್ಳುವವರು ಕೇಳದ, ಮಾರುವವರು ಹೇಳದ ವಿಷಯವಿದು. ಆಗಸ್ಟ್‌ನಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಲೆನ್ಸನ್ನು ಬಿಟ್ಟೀತೇ? ಗಾಜಿನ ಮೇಲೆ ಬೇರಿನಂತೆ ಹಬ್ಬುವ ಈ ಬೂಷ್ಟು ಮೇಲ್ಮೈಯ ಲೇಪವನ್ನೇ ತಿನ್ನುತ್ತದೆ. ಒಮ್ಮೆ ಆಳಕ್ಕಿಳಿದರೆ ಒರೆಸಿದರೂ ಕಲೆ ಉಳಿಯುತ್ತದೆ. ಬೈನಾಕ್ಯುಲರಿನ ಒಳಗೆ, ಪ್ರಿಸಂ ಮೇಲೆ ಹಿಡಿದರೆ ಬಿಚ್ಚಿ ಸರಿಮಾಡುವವರು ಸಿಗುವುದೇ ಕಷ್ಟ. ಕನ್ನಡಿಯ ಟೆಲಿಸ್ಕೋಪಿಗೆ ಇಲ್ಲೊಂದು ಅನುಕೂಲವಿದೆ. ಅದರ ಮುಖ್ಯ ಕನ್ನಡಿಯನ್ನು ಬಿಚ್ಚಿ, ಬಟ್ಟಿ ಇಳಿಸಿದ ನೀರಿನಲ್ಲಿ ಮೆಲ್ಲಗೆ ತೊಳೆದು, ಮತ್ತೆ ಕೂರಿಸಬಹುದು. ಲೇಪ ಪೂರಾ ಹೋದರೂ ಮತ್ತೆ ಹಾಕಿಸಬಹುದು.

ಯಾವುದನ್ನೇ ಕೊಂಡರೂ ಅದರ ಜೊತೆಗೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆ.ಜಿ. ಸಿಲಿಕಾ ಜೆಲ್, ಮತ್ತು ತೇವ ತೋರಿಸುವ ಪುಟ್ಟ ಮೀಟರ್ ಕೊಳ್ಳಿ. ಎಲ್ಲ ಸೇರಿ ಸಾವಿರ ಚಿಲ್ಲರೆ ರೂಪಾಯಿ. ಡಬ್ಬದೊಳಗಿನ ತೇವಾಂಶ ಶೇ. 40ರಿಂದ 50ರ ಆಸುಪಾಸಿನಲ್ಲಿರಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ. ಕಿತ್ತಳೆ ಹರಳು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ನೀಲಿ ಹರಳಿನ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ಆರೋಗ್ಯಕ್ಕೆ ಒಳ್ಳೆಯದಲ್ಲ. ಟೆಲಿಸ್ಕೋಪಿನ ಕೊಳವೆ ಡಬ್ಬದಲ್ಲಿ ಹಿಡಿಸದಿದ್ದರೆ, ಕಣ್ಣಿಟ್ಟು ನೋಡುವ ಸಣ್ಣ ಲೆನ್ಸುಗಳಾದ ಐಪೀಸುಗಳನ್ನಾದರೂ ಅದರಲ್ಲಿಡಿ. ಕೊಳವೆಯ ಎರಡೂ ಬಾಯಿ ಮುಚ್ಚಿ, ಒಳಗೊಂದು ಜೆಲ್ ಪೊಟ್ಟಣ ತೂಗುಹಾಕಿ, ಅಡುಗೆಮನೆಯ ಪಕ್ಕದ ಬೆಚ್ಚನೆಯ ಕೋಣೆಯಲ್ಲಿ ನಿಲ್ಲಿಸಿ. ಬಾಯಿ ಮುಚ್ಚದೆ ಬಿಟ್ಟರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ.

ಈಗ ಒಂದೊಂದಾಗಿ ತೂಗೋಣ. ಕೆಳಗಿನ ಬೆಲೆಗಳು ಅಂದಾಜು. ಅಂಗಡಿಯಿಂದ ಅಂಗಡಿಗೆ, ಡಾಲರ್ ಏರಿಳಿದಂತೆ ಬದಲಾಗುತ್ತವೆ.

ಬರಿಗಣ್ಣು: ಖರ್ಚಿಲ್ಲ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲ್ ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ. ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ. ಸ್ಟೆಲೇರಿಯಂ ಎಂಬ ಆ್ಯಪ್ ಫೋನಿನಲ್ಲಿದ್ದರೆ ನಕ್ಷೆ ಸಿಕ್ಕಂತೆ. ಲುಬ್ಧಕ, ಆರಿದ್ರಾ, ರೋಹಿಣಿ, ಕೃತ್ತಿಕೆ, ಸ್ವಾತಿ, ಚಿತ್ತಾ, ಜ್ಯೇಷ್ಠಾ ಇವುಗಳನ್ನು ಆ್ಯಪ್ ಇಲ್ಲದೆ ಗುರುತಿಸಲು ಬಂದಮೇಲೆ ಟೆಲಿಸ್ಕೋಪನ್ನು ಎತ್ತ ತಿರುಗಿಸಬೇಕೆಂದು ತಿಳಿಯುತ್ತದೆ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾಪಾತಕ್ಕೆ ಚಾಪೆ ಮತ್ತು ಕಂಬಳಿ ಬಿಟ್ಟರೆ ಬೇರೇನೂ ಬೇಡ.

ಬೈನಾಕ್ಯುಲರ್: ಆರು ಸಾವಿರದಿಂದ ಹದಿನೈದು ಸಾವಿರ

ಕೊಡಗಿನಲ್ಲಿ ಮೊದಲ ಉಪಕರಣ ಯಾವುದೆಂದು ಕೇಳಿದರೆ ಹತ್ತರಲ್ಲಿ ಏಳೆಂಟು ಮಂದಿಗೆ ನನ್ನ ಉತ್ತರ ಇದೇ. ಕೊರಳಿಗೆ ಹಾಕಿಕೊಂಡು ಹೊರಗೆ ಬಂದರೆ ಮುಗಿಯಿತು, ಸಜ್ಜುಗೊಳಿಸುವ ಮಾತೇ ಇಲ್ಲ. ಮಂಜು ಬಂದರೆ ಒಳಗೆ, ಸರಿದರೆ ಹೊರಗೆ.

10x50 ಎಂದರೆ ಹತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಲೆನ್ಸ್ 50 ಮಿ.ಮೀ. ಕತ್ತಲಲ್ಲಿ ಅರಳಿದ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಎಂದಿಟ್ಟುಕೊಂಡರೆ, 50 ಮಿ.ಮೀ. ಲೆನ್ಸ್ ಅದರ ಐವತ್ತು ಪಟ್ಟು ಬೆಳಕು ಹಿಡಿಯುತ್ತದೆ. ಕೃತ್ತಿಕೆಯಲ್ಲಿ ಆರು ಚುಕ್ಕೆ ಕಂಡಿದ್ದ ಕಡೆ ಹತ್ತಾರು ನೀಲಿ ಕಿಡಿಗಳು, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯ ನಡುವೆ ನೀಹಾರಿಕೆಯ ಬೂದು ಮಸುಕು, 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿ, ಕೈ ಅಲುಗದಂತೆ ಕಂಬಕ್ಕೆ ಒರಗಿ ಹಿಡಿದರೆ ಗುರುವಿನ ನಾಲ್ಕು ಚಂದ್ರರು. ಶನಿಯ ಬಳೆ ಮಾತ್ರ ಇದರಲ್ಲಿ ಸಿಗದು. ಅದಕ್ಕೆ ಕನಿಷ್ಠ 25-30 ಪಟ್ಟು ಹಿಗ್ಗಬೇಕು.

ಪುತ್ತರಿಯ ರಾತ್ರಿ ಇದನ್ನು ಜೊತೆಗಿಟ್ಟುಕೊಳ್ಳಿ. ಹಬ್ಬದ ಮುಹೂರ್ತ ಹುಣ್ಣಿಮೆಯ ಆಸುಪಾಸಿನಲ್ಲಿ ರೋಹಿಣಿ ನಕ್ಷತ್ರ ನೋಡಿಯೇ ಗೊತ್ತಾಗುವುದರಿಂದ, ಕದಿರು ತೆಗೆಯಲು ಗದ್ದೆಗಿಳಿಯುವಾಗ ಚಂದ್ರ ಇರುವುದೇ ರೋಹಿಣಿಯ ಸೀಮೆಯಲ್ಲಿ. ಬೆಳುದಿಂಗಳಿಗೆ ಬರಿಗಣ್ಣಿಗೆ ಮಸುಕಾಗುವ ಕೃತ್ತಿಕೆ ಅಲ್ಲೇ ಹತ್ತಿರದಲ್ಲಿ ಬೈನಾಕ್ಯುಲರಿಗೆ ಸ್ಪಷ್ಟವಾಗಿ ಸಿಗುತ್ತದೆ. ಪೊಲಿ ಪೊಲಿ ದೇವಾ ಎಂದು ಕೂಗಿದ ಮೇಲೆ ಮಕ್ಕಳ ಕೈಗೆ ಅದನ್ನು ಕೊಟ್ಟು ನೋಡಿ. ಹಿರಿಯರು ಪಂಚಾಂಗದಲ್ಲಿ ಓದುವ ಹೆಸರು ಆಕಾಶದಲ್ಲಿ ಎಲ್ಲಿದೆ ಎಂಬುದು ಅವರಿಗೆ ಆ ಹೊತ್ತಿಗೆ ಗೊತ್ತಾಗುತ್ತದೆ.

ಆಯ್ಕೆಯಲ್ಲಿ ತೂಗಬೇಕಾದದ್ದು ಎರಡಿದೆ. ವಯಸ್ಸು ಐವತ್ತು ದಾಟಿದವರ ಪಾಪೆ ಸಾಮಾನ್ಯವಾಗಿ 5 ಮಿ.ಮೀ.ಗಿಂತ ಹೆಚ್ಚು ಅರಳುವುದಿಲ್ಲ. 7x50ರಿಂದ ಹೊರಬರುವ ಬೆಳಕಿನ ಕಂಬ 7 ಮಿ.ಮೀ. ಇರುವುದರಿಂದ ಅಷ್ಟೂ ಅವರ ಕಣ್ಣಿನೊಳಗೆ ಹೋಗುವುದಿಲ್ಲ. ಅವರಿಗೆ 10x50 ಸರಿ, ಆದರೆ ಕೈ ನಡುಗುವುದಿದ್ದರೆ 8x42. ಪಕ್ಷಿ ನೋಡುವವರ ಮನೆಯಲ್ಲಿ 8x42 ಈಗಾಗಲೇ ಇರುತ್ತದೆ. ಹಾಗಿದ್ದರೆ ಹೊಸದೇನೂ ಬೇಡ, ಈ ರಾತ್ರಿಯಿಂದಲೇ ಶುರು ಮಾಡಿ. ಇನ್ನೊಂದು, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ, ನೀರು ಹೋಗದ ಮಾದರಿಗೆ ಬೆಲೆ ಹೆಚ್ಚು. ಕುಶಾಲನಗರದಲ್ಲಿದ್ದು ಡಬ್ಬದಲ್ಲಿ ಶಿಸ್ತಾಗಿ ಇಡುವವರು ಸಾಮಾನ್ಯ ಮಾದರಿಯಲ್ಲಿ ದುಡ್ಡು ಉಳಿಸಬಹುದು. ಮಡಿಕೇರಿ, ನಾಪೋಕ್ಲು, ಭಾಗಮಂಡಲದವರು ಮುಚ್ಚಿದ ಮಾದರಿಗೇ ಹಾಕಲಿ.

ಸಣ್ಣ ಲೆನ್ಸ್ ಟೆಲಿಸ್ಕೋಪ್: ಹತ್ತರಿಂದ ಹದಿನೆಂಟು ಸಾವಿರ

ಮೇಷ್ಟ್ರ ಬಜೆಟ್ಟಿಗೆ ಬರುವುದು ಇದು. 70 ಮಿ.ಮೀ. ಲೆನ್ಸಿನದು ಚಂದ್ರನ ಕುಳಿಗಳನ್ನು, ಚಂದ್ರನಂತೆ ಹಿಗ್ಗಿ ಕುಗ್ಗುವ ಶುಕ್ರನ ಆಕಾರಗಳನ್ನು, ಶನಿಯ ಬಳೆಯನ್ನು ಸಣ್ಣದಾದರೂ ಸ್ವಚ್ಛವಾಗಿ ತೋರಿಸುತ್ತದೆ. ಕನ್ನಡಿ ಹೊಂದಿಸುವ ತಾಪತ್ರಯವಿಲ್ಲ, ಮಕ್ಕಳ ಕೈಗೆ ಕೊಡಬಹುದು. ಮಂಕಾದ ನೀಹಾರಿಕೆಗಳಲ್ಲಿ ಬೈನಾಕ್ಯುಲರಿಗಿಂತ ಬಹಳ ಮುಂದೇನೂ ಹೋಗುವುದಿಲ್ಲ. ಇದರ ದೌರ್ಬಲ್ಯ ಇರುವುದು ಕಾಲಿನಲ್ಲಿ. ಈ ಬೆಲೆಗೆ ಕೊಡುವ ಅಲ್ಯೂಮಿನಿಯಂ ಟ್ರೈಪಾಡ್ ಫೋಕಸ್ ತಿರುಗಿಸಿದರೆ ಸಾಕು ನಡುಗುತ್ತದೆ. ಕಾಲುಗಳನ್ನು ಪೂರ್ತಿ ಎಳೆಯದೆ ತಗ್ಗಾಗಿ ನಿಲ್ಲಿಸಿ, ನಡುವೆ ಮರಳಿನ ಚೀಲ ತೂಗುಹಾಕಿದರೆ ಅರ್ಧ ನಡುಕ ನಿಲ್ಲುತ್ತದೆ.

ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ಕೊಳ್ಳಲೇಬೇಡಿ. ಕೆಲಸಕ್ಕೆ ಬರುವ ಗರಿಷ್ಠ ಹಿಗ್ಗುವಿಕೆ ಎಂದರೆ ಲೆನ್ಸಿನ ಮಿ.ಮೀ. ಅಳತೆಯ ಎರಡರಷ್ಟು. 70 ಮಿ.ಮೀ.ಗೆ 140. ಅದನ್ನು ದಾಟಿದರೆ ಮಬ್ಬು ದೊಡ್ಡದಾಗುತ್ತದೆ ಅಷ್ಟೇ. ಆಟಿಕೆ ಟೆಲಿಸ್ಕೋಪ್ ಕೊಟ್ಟು ನಿರಾಸೆಯಾದ ಮಗು ಮತ್ತೆ ಆಕಾಶದ ಕಡೆ ತಲೆ ಎತ್ತುವುದು ಕಷ್ಟ. ಐದು ಸಾವಿರವಷ್ಟೇ ಇದ್ದರೆ ಇನ್ನೊಂದೆರಡು ಸಾವಿರ ಕೂಡುವವರೆಗೆ ಕಾದು ಬೈನಾಕ್ಯುಲರ್ ಕೊಳ್ಳಿ.

ಸಣ್ಣದರಲ್ಲೇ ಇನ್ನೊಂದು ಮಾದರಿ ಮಾಕ್ಸುಟೋವ್, ಮುಂದೆ ಗಾಜು ಒಳಗೆ ಕನ್ನಡಿ ಎರಡೂ ಇರುವಂಥದ್ದು. 90 ಅಥವಾ 102 ಮಿ.ಮೀ.ನದು ಬ್ಯಾಗಿನಲ್ಲಿ ಹಿಡಿಸುವಷ್ಟು ಗಿಡ್ಡ, ಗ್ರಹ ಮತ್ತು ಚಂದ್ರನಿಗೆ ಚೆನ್ನ. ಆದರೆ ಮುಂದಿನ ಗಾಜು ಡಿಸೆಂಬರಿನ ಇಬ್ಬನಿಗೆ ಅರ್ಧ ಗಂಟೆಯಲ್ಲಿ ಮಂಜಾಗುತ್ತದೆ. ಕಪ್ಪು ಫೋಮ್ ಹಾಳೆ ಸುತ್ತಿ ಒಂದಡಿ ಮುಂದಕ್ಕೆ ಚಾಚುವಂತೆ ಟೋಪಿ ಮಾಡದಿದ್ದರೆ ಕೊಡಗಿನ ಚಳಿಗಾಲಕ್ಕೆ ಇದು ಹೊಂದುವುದಿಲ್ಲ.

ಧ್ರುವಕ್ಕೆ ಹೊಂದಿಸುವ ಸ್ಟ್ಯಾಂಡ್: ಇಲ್ಲಿಗೆ ಬೇಡ

ಇಪ್ಪತ್ತೈದು ಮೂವತ್ತು ಸಾವಿರಕ್ಕೆ 114 ಅಥವಾ 130 ಮಿ.ಮೀ. ಕನ್ನಡಿಯನ್ನು ಇಕ್ವಟೋರಿಯಲ್ ಸ್ಟ್ಯಾಂಡಿನ ಜೊತೆ ಮಾರುತ್ತಾರೆ. ಫೋಟೋದಲ್ಲಿ ಬಹಳ ಗಂಭೀರವಾಗಿ ಕಾಣುತ್ತದೆ, ಹೊಸಬರು ಮರುಳಾಗುವುದೂ ಇದಕ್ಕೇ. ಟೆಲಿಸ್ಕೋಪ್ ಆಕಾಶದ ಜೊತೆಗೇ ತಿರುಗಬೇಕಾದರೆ ಈ ಸ್ಟ್ಯಾಂಡಿನ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಗುರಿಯಿಡಬೇಕು. ನಮ್ಮಲ್ಲಿ ಧ್ರುವ ಇರುವುದು ಬರೀ 12 ಡಿಗ್ರಿ ಎತ್ತರದಲ್ಲಿ, ಅಂದರೆ ಒಂದು ಮುಷ್ಟಿಗಿಂತ ಚೂರು ಮೇಲೆ. ತೋಟದ ಮನೆಯಿಂದ ಅದು ಕಾಣುವುದೇ ಅಪರೂಪ, ಮರವೋ ಬೆಟ್ಟವೋ ಅಡ್ಡ. ಕಂಡರೂ ಅಕ್ಷವನ್ನು ಅಷ್ಟು ತಗ್ಗಿಸಿದಾಗ ಅಗ್ಗದ ಸ್ಟ್ಯಾಂಡುಗಳಲ್ಲಿ ತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ಕೆಲವು ಅಷ್ಟು ತಗ್ಗುವುದೇ ಇಲ್ಲ. ಯುರೋಪು ಅಮೆರಿಕದ ಅಕ್ಷಾಂಶಕ್ಕೆಂದು ಮಾಡಿದ್ದು ಅದು. ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು ಫೋಟೋ ತೆಗೆಯುವುದೇ ಗುರಿ, ಒಳ್ಳೆಯ ಮೋಟಾರು ಸ್ಟ್ಯಾಂಡಿಗೆ ಲಕ್ಷದ ಮೇಲೆ ಹಾಕಬಲ್ಲೆ ಎನ್ನುವವರ ಮಾತು ಬೇರೆ. ಉಳಿದವರು ಅದೇ ದುಡ್ಡಿಗೆ ಮುಂದಿನದನ್ನು ನೋಡಿ.

ಡಾಬ್ಸೋನಿಯನ್: ಮೂವತ್ತರಿಂದ ಎಪ್ಪತ್ತು ಸಾವಿರ

ಹಲಗೆಯ ಪೆಟ್ಟಿಗೆಯ ಮೇಲೆ ಕೂತು ಅತ್ತಿತ್ತ, ಮೇಲೆ ಕೆಳಗೆ ಕೈಯಿಂದಲೇ ತಿರುಗುವ ಕನ್ನಡಿ ಟೆಲಿಸ್ಕೋಪ್ ಇದು. ಇದನ್ನು ಜನಪ್ರಿಯಗೊಳಿಸಿದವರು ಜಾನ್ ಡಾಬ್ಸನ್. 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿ ಇಪ್ಪತ್ತಮೂರು ವರ್ಷ ಸನ್ಯಾಸಿಯಾಗಿದ್ದವರು. ಪೊನ್ನಂಪೇಟೆಯ ಆಶ್ರಮದ ಬಾಗಿಲಲ್ಲಿ ಓಡಾಡಿದ ನಮಗೆ ರಾಮಕೃಷ್ಣರ ಪರಂಪರೆ ಹೊಸದಲ್ಲ. ಕೈಯಲ್ಲಿ ಕಾಸಿಲ್ಲದ ಆ ಸನ್ಯಾಸಿ ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ಕರೆದು ಶನಿಯನ್ನು ತೋರಿಸಿದರು. ಈ ಮಾದರಿಯ ಗುಣವೂ ಅದೇ. ಕೊಟ್ಟ ದುಡ್ಡೆಲ್ಲ ಕನ್ನಡಿಗೆ ಹೋಗುತ್ತದೆ, ಕಲಿಯಲು ಐದು ನಿಮಿಷ ಸಾಕು.

ಇದರಲ್ಲೂ ಮೂರು ಅಳತೆಗಳ ನಡುವೆ ಜನ ಒದ್ದಾಡುತ್ತಾರೆ. 130 ಮಿ.ಮೀ.ನ ಮೇಜಿನ ಮಾದರಿ ಆರೇಳು ಕೆ.ಜಿ. ತೂಗುತ್ತದೆ, ಒಂದೇ ಕೈಯಲ್ಲಿ ಎತ್ತಿ ಜಗಲಿ ಕಟ್ಟೆಯ ಮೇಲೋ ಗಟ್ಟಿ ಸ್ಟೂಲಿನ ಮೇಲೋ ಇಡಬಹುದು. ಮೊಣಕಾಲು ನೋವಿನವರಿಗೆ, ತಾರಸಿಗೆ ಮೆಟ್ಟಿಲು ಹತ್ತಬೇಕಾದವರಿಗೆ ಇದೇ. 150 ಮಿ.ಮೀ.ನದು ಹದಿನೈದು ಹದಿನಾರು ಕೆ.ಜಿ., ಕೊಳವೆ ಉದ್ದ. ಕನ್ನಡಿಯ ಹೊಂದಾಣಿಕೆ ಚೂರು ತಪ್ಪಿದರೂ ಸಹಿಸಿಕೊಳ್ಳುತ್ತದೆ, ಸಾಧಾರಣ ಐಪೀಸಿನಲ್ಲೂ ಚಿತ್ರ ಚುರುಕು. 200 ಮಿ.ಮೀ.ನದು ಇಪ್ಪತ್ತೈದು ಕೆ.ಜಿ. ಹತ್ತಿರ, ಕೊಳವೆ ಮತ್ತು ಬುಡ ಬೇರೆ ಬೇರೆಯಾಗಿ ಎರಡು ಸಲ ಹೊರಬೇಕು. ಆದರೆ ಕಣ್ಣಿನ ಎಂಟುನೂರು ಪಟ್ಟು ಬೆಳಕು ಹಿಡಿಯುವ ಅದರಲ್ಲಿ ಒಮೆಗಾ ಸೆಂಟೌರಿ ನೋಡಬೇಕು. ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯಂತಿದ್ದದ್ದು ಇಲ್ಲಿ ಅಂಚಿನಿಂದ ನಡುವಿನವರೆಗೆ ಒಡೆದು ಸಾವಿರಾರು ನಕ್ಷತ್ರಗಳಾಗುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದಿಂದ ಹೊರಟ ಬೆಳಕು ಅದು. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಧೂಳು ತೊಳೆದುಹೋದ ಮಾರನೆಯ ರಾತ್ರಿ, ತೋಟವೆಲ್ಲ ಒದ್ದೆ ಮಣ್ಣು ಘಮಗುಡುತ್ತಿರುವಾಗ ಆ ಗುಚ್ಛವನ್ನು ನೋಡಿದವರು ದೊಡ್ಡ ಕನ್ನಡಿ ಏಕೆಂದು ಮತ್ತೆ ಕೇಳುವುದಿಲ್ಲ.

ಅನಾನುಕೂಲಗಳನ್ನೂ ಹೇಳಬೇಕು. ಮನೆಯೊಳಗಿನ ಬೆಚ್ಚಗಿನ ಕನ್ನಡಿ ಹೊರಗಿನ ಚಳಿಗೆ ಇಳಿಯಲು 200 ಮಿ.ಮೀ.ನದಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಅಷ್ಟರವರೆಗೆ ಗ್ರಹಗಳು ಕಲಕುತ್ತವೆ. ನಮ್ಮಲ್ಲಿ ಗ್ರಹಗಳು ಹಲವು ಬಾರಿ ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ. ಅಲ್ಲಿ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ, ಗ್ರಹ ಸ್ವಲ್ಪ ಇಳಿಯುವವರೆಗೆ ಕಾಯಬೇಕು. ಬುಡದ ಪೆಟ್ಟಿಗೆ ಸಾಮಾನ್ಯವಾಗಿ ಪುಡಿಹಲಗೆಯದು. ಕೊಡಗಿನ ತೇವಕ್ಕೆ ಅಂಚುಗಳು ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ. ತಂದ ವಾರದಲ್ಲೇ ಎಲ್ಲ ಅಂಚಿಗೂ ವಾರ್ನಿಶ್ ಹೊಡೆದು, ಹುಲ್ಲಿನ ಮೇಲೆ ನೇರ ಇಡದೆ ಮೂರು ಇಟ್ಟಿಗೆಯ ಮೇಲೆ ಕೂರಿಸಿ. ಬುಡ ಹಾಳಾದರೂ ಚಿಂತೆಯಿಲ್ಲ, ಊರಿನ ಬಡಗಿಗೆ ಅಳತೆ ಕೊಟ್ಟು ಒಳ್ಳೆಯ ಪ್ಲೈವುಡ್‌ನಲ್ಲಿ ಮಾಡಿಸಬಹುದು. ಇಬ್ಬನಿಯ ವಿಷಯದಲ್ಲಿ ಮಾತ್ರ ಇದೇ ಗಟ್ಟಿ, ಏಕೆಂದರೆ ಕನ್ನಡಿ ಕೊಳವೆಯ ಆಳದಲ್ಲಿ ಅವಿತಿರುತ್ತದೆ.

ನನ್ನ ತೀರ್ಮಾನ ಕೇಳಿದರೆ, ಮನೆ ಬಾಗಿಲಲ್ಲೇ ಬಯಲಿದ್ದು ಮನೆಯಲ್ಲಿ ಎತ್ತಿಡಲು ಎರಡನೆಯ ಕೈ ಇದ್ದರೆ 200. ಒಬ್ಬರೇ ಆದರೆ 150. ಮೆಟ್ಟಿಲಿದ್ದರೆ 130.

ಸ್ಮಾರ್ಟ್ ಟೆಲಿಸ್ಕೋಪ್: ಐವತ್ತು ಸಾವಿರದ ಮೇಲೆ

ಸೀಸ್ಟಾರ್ ಎಸ್50 ತರಹದವು ಈಚಿನ ವರ್ಷಗಳಲ್ಲಿ ಬಂದಿವೆ. 50 ಮಿ.ಮೀ. ಲೆನ್ಸ್, ಎರಡೂವರೆ ಕೆ.ಜಿ. ತೂಕ, ಕಣ್ಣಿಟ್ಟು ನೋಡುವ ಐಪೀಸೇ ಇಲ್ಲ. ಅಂಗಳದಲ್ಲಿಟ್ಟು ಫೋನಿನಲ್ಲಿ ಹೆಸರು ಆರಿಸಿದರೆ ತಾನೇ ಹುಡುಕಿ, ಕೆಲವೇ ಸೆಕೆಂಡುಗಳ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಹತ್ತು ನಿಮಿಷದಲ್ಲಿ ಮಹಾವ್ಯಾಧನ ನೀಹಾರಿಕೆ ಕೆಂಪು ನೇರಳೆ ಬಣ್ಣದಲ್ಲಿ ಮೂಡುತ್ತದೆ. ಅಂಥ ಬಣ್ಣ ಯಾವ ಡಾಬ್ಸೋನಿಯನ್‌ನಲ್ಲೂ ಕಣ್ಣಿಗೆ ಕಾಣದು.

ಆನೆ ಬರುವ ಕಡೆಯವರಿಗೆ ನಾನು ಮನಸಾರೆ ಹೇಳುವುದು ಇದನ್ನೇ. ಉಪಕರಣ ಅಂಗಳದಲ್ಲಿರುತ್ತದೆ, ನೀವು ಬಾಗಿಲು ಹಾಕಿಕೊಂಡು ಒಳಗಿರುತ್ತೀರಿ. ಪೇಟೆಯ ದೀಪಗಳ ನಡುವೆ ಇರುವವರಿಗೂ, ಚಳಿ ತಡೆಯದ ಹಿರಿಯರಿಗೂ ಇದು ಅನುಕೂಲ. ಬ್ಯಾಟರಿ ಒಳಗೇ ಇರುವುದರಿಂದ ಕರೆಂಟ್ ಹೋದರೂ ನಡೆಯುತ್ತದೆ. ಮಳೆಗಾಲಕ್ಕೆ ಸಣ್ಣ ಡಬ್ಬದಲ್ಲಿ ಮುಚ್ಚಿಡಬಹುದು. ಕೊರತೆ ಎಂದರೆ ಗ್ರಹಗಳು. ಗುರು, ಶನಿ ಇದರಲ್ಲಿ ಪುಟ್ಟ ಬೊಟ್ಟುಗಳು. ಮತ್ತೊಂದು, ಅಷ್ಟು ದೂರದ ಬೆಳಕು ನೇರ ನಿಮ್ಮ ಕಣ್ಣಿಗೇ ಬಿತ್ತು ಎಂಬ ರೋಮಾಂಚನ ಇಲ್ಲಿಲ್ಲ. ಕೆಲವರಿಗೆ ಅದೇ ಮುಖ್ಯ, ಕೆಲವರಿಗೆ ಅಲ್ಲ. ನೀವು ಯಾವ ಗುಂಪು ಎಂದು ಕೊಳ್ಳುವ ಮೊದಲೇ ಯೋಚಿಸಿ.

ಹೋಂಸ್ಟೇಯವರು ಇವೆರಡರ ನಡುವೆ ತೂಗುತ್ತಿದ್ದರೆ ಡಾಬ್ಸೋನಿಯನ್ 150 ಅಥವಾ 200 ಕೊಳ್ಳಿ. ಅತಿಥಿ ಫೋನಿನಲ್ಲಿ ದಿನವಿಡೀ ಚಿತ್ರ ನೋಡುತ್ತಲೇ ಇರುತ್ತಾನೆ. ಐಪೀಸಿಗೆ ಕಣ್ಣಿಟ್ಟು ಶನಿಯನ್ನು ಕಂಡಾಗ ಅವನ ಬಾಯಿಂದ ಹೊರಡುವ ಉದ್ಗಾರವೇ ಬೇರೆ. 2025ರಲ್ಲಿ ಶನಿಯ ಬಳೆ ನಮಗೆ ಅಂಚು ತೋರಿಸಿ ಗೆರೆಯಷ್ಟಾಗಿತ್ತು. ಇನ್ನು ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಪೂರ್ತಿ ಅರಳುತ್ತದೆ. ಈಗ ಹಾಕಿದ ದುಡ್ಡಿಗೆ ಪ್ರತಿವರ್ಷ ನೋಟ ಹೆಚ್ಚುತ್ತಲೇ ಹೋಗುತ್ತದೆ. ಅಂಗಳದ ಬಿಳಿ ದೀಪಗಳನ್ನು ಆರಿಸಲು ಒಂದೇ ಸ್ವಿಚ್ಚಿಗೆ ಜೋಡಿಸಿಕೊಳ್ಳುವುದು ಮಾತ್ರ ಮರೆಯಬೇಡಿ.

ಸೂರ್ಯನ ವಿಷಯ

2019ರ ಡಿಸೆಂಬರ್ 26ರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಕುಟ್ಟದ ಹತ್ತಿರದ ಕಾಯಿಮಾನಿಯಲ್ಲಿ ಕಂಕಣ ಗ್ರಹಣ ನೋಡಲು ಜನ ಸೇರಿದ್ದು ಹಲವರಿಗೆ ನೆನಪಿರಬಹುದು. 2027ರ ಆಗಸ್ಟ್ 2ರ ಸಂಜೆ ಮತ್ತೊಂದು ಸೂರ್ಯಗ್ರಹಣವಿದೆ, ನಮ್ಮಲ್ಲಿ ಪಾರ್ಶ್ವ. ಆಗಸ್ಟ್‌ನ ಮೋಡ ಬಿಟ್ಟುಕೊಟ್ಟರೆ ಸರಿ. ಮೇಲೆ ಹೇಳಿದ ಯಾವುದನ್ನೂ ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ತಿರುಗಿಸಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಬರಬೇಕು. ಐಪೀಸಿಗೆ ತಿರುಪಿ ಹಾಕುವ ಸಣ್ಣ ಕಪ್ಪು ಗಾಜು ಸಿಕ್ಕರೆ ಎಸೆದುಬಿಡಿ, ಬಿಸಿಗೆ ಅದು ಒಡೆಯುತ್ತದೆ. ಶಾಲೆಗೆ ಕೊಳ್ಳುವವರು ಹಗಲಿನಲ್ಲಿ ಟೆಲಿಸ್ಕೋಪನ್ನು ಬೀಗದಲ್ಲಿಡಲಿ.

ಮೇಷ್ಟ್ರಿಗೆ ಕೊನೆಗೆ ನಾನು ಹೇಳಿದ್ದು, ಹದಿನೈದು ಸಾವಿರದಲ್ಲಿ ಒಂದು ಟೆಲಿಸ್ಕೋಪಿನ ಬದಲು ಎರಡು ಸಾಧಾರಣ 10x50 ಬೈನಾಕ್ಯುಲರ್ ಮತ್ತು ಒಂದು ಗಟ್ಟಿ ಡಬ್ಬ ಎಂದು. ನಲವತ್ತು ಮಕ್ಕಳ ಸಾಲಿಗೆ ಒಂದೇ ಐಪೀಸು ಸಾಲದು. ಶನಿಯನ್ನು ತೋರಿಸಲೇಬೇಕೆಂದು ಅವರು ಹಟ ಹಿಡಿದಿದ್ದರೆ 70 ಮಿ.ಮೀ.ನದಕ್ಕೇ ಹೂಂ ಎನ್ನುತ್ತಿದ್ದೆ.

ಹಳೆಯದನ್ನು ಕೊಳ್ಳುವುದಾದರೆ ಹಗಲಲ್ಲಿ ಹೋಗಿ. ಬೈನಾಕ್ಯುಲರಿನ ಮುಂದಿನ ಲೆನ್ಸಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾದರೂ ಬೇಡ. ಹೊಸದಾದರೆ ಸೆಪ್ಟೆಂಬರ್ ಕೊನೆಯಲ್ಲಿ ಆರ್ಡರ್ ಮಾಡಿ. ಮಳೆಯ ನಡುವೆ ಬಂದ ಪೆಟ್ಟಿಗೆ ಒದ್ದೆಯಾಗಿ ತಲುಪುವ ಸಂಭವ ಹೆಚ್ಚು, ದೀಪಾವಳಿ ಕಳೆದು ತರಿಸಿದರೆ ಮೊದಲ ಶುಭ್ರ ವಾರಗಳು ಕೈತಪ್ಪುತ್ತವೆ. ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಕನ್ನಡಿ ಲೆನ್ಸು ಒಡೆದಿಲ್ಲ ಎಂದು ನೋಡಿ ಫೋಟೋ ತೆಗೆದಿಡಿ. ಮೊದಲ ರಾತ್ರಿ ಅಷ್ಟಮಿಯ ಆಸುಪಾಸಿನ ಅರ್ಧಚಂದ್ರನಿಂದ ಶುರು ಮಾಡಿ. ಬೆಳಕು ಕತ್ತಲು ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ, ಫೋಕಸ್ ಕಲಿಯಲು ಅದಕ್ಕಿಂತ ಸುಲಭದ ಗುರಿ ಇಲ್ಲ.